ರದ್ದಿಗೆ ಹೋಗುವ ಮುನ್ನ

ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ‘ಪುಸ್ತಕ ಮನೆ’ಗೆ ಹೋದವರು ಮೊದಲು ಮಾಡುವ ಕೆಲಸ, ಕಾಲಿಡಲು ಜಾಗ ಹುಡುಕುವುದು. ಕಪಾಟುಗಳು ತುಂಬಿ ನೆಲಕ್ಕೆ ಇಳಿದ ಪುಸ್ತಕಗಳು, ನೆಲವೂ ಸಾಲದೆ ಗೋಣಿಚೀಲದಲ್ಲಿ ಕಟ್ಟಿಟ್ಟ ಪುಸ್ತಕಗಳು. ಚಿನಕುರಳಿಯ ರೈತರ ಮನೆಯಲ್ಲಿ ಹುಟ್ಟಿದ ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದಾಗಲೇ ಪುಸ್ತಕ ಕೂಡಿಡಲು ಶುರು ಮಾಡಿದವರು. ಆಮೇಲೆ ಕನ್ನಡದಲ್ಲಿ ಎಂ.ಎ. ಓದಿದರು, ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂವತ್ತು ವರ್ಷ ದುಡಿದರು. ಸಂಬಳದ ಬಹುಪಾಲು ಪುಸ್ತಕಕ್ಕೇ ಹೋಯಿತು. ಮೈಸೂರಿನಲ್ಲಿದ್ದ ಆಸ್ತಿಯೂ ಪುಸ್ತಕಕ್ಕೇ ಕರಗಿತು. ಪುಸ್ತಕಗಳಿಗೊಂದು ಸೂರು ಬೇಕಾದಾಗ ಉದ್ಯಮಿ ಹರಿ ಖೋಡೆ ನೆರವಿಗೆ ಬಂದರು. ಗಂಡ ಹೆಂಡತಿ ಅದೇ ಕಟ್ಟಡದ ಒಂದು ಮೂಲೆಯಲ್ಲಿ ಸಂಸಾರ ಹೂಡಿದರು.

2016ರಲ್ಲಿ ಲಿಮ್ಕಾ ದಾಖಲೆ ಪುಸ್ತಕ ಅವರ ಸಂಗ್ರಹವನ್ನು ಗುರುತಿಸಿತು. 2026ರಲ್ಲಿ ಪದ್ಮಶ್ರೀ ಪ್ರಕಟವಾಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪುಸ್ತಕಗಳು, ಇಪ್ಪತ್ತಕ್ಕೂ ಹೆಚ್ಚು ಭಾಷೆಗಳು ಎಂಬ ಲೆಕ್ಕ ಆಗ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಿಘಂಟುಗಳೇ ಸುಮಾರು 5,000. ಇವೆಲ್ಲ ದೊಡ್ಡ ಸಂಖ್ಯೆಗಳು. ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆ ಮನೆಯ ಇನ್ನೊಂದು ಗುಣ. ಅಲ್ಲಿ ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳ ರಾಶಿಯಿದೆ. ಮದುವೆಯ ಕರೆಯೋಲೆಗಳಿವೆ, ಅಂಚೆಚೀಟಿಗಳಿವೆ. ಇದು ಬೇಕು, ಇದು ಬೇಡ ಎಂಬ ತಕರಾರಿಲ್ಲದೆ ಅಚ್ಚಾದ ಕಾಗದಕ್ಕೆಲ್ಲ ಅಲ್ಲಿ ಜಾಗ ಸಿಕ್ಕಿದೆ.

ಹಳೆ ಪುಸ್ತಕದ ಹುಚ್ಚಿನಲ್ಲಿ ಅತಿ ದೊಡ್ಡ ಸುಖ ಇರುವುದೂ ಇಲ್ಲೇ, ಅದರಿಂದ ಊರಿಗೆ ಆಗುವ ಉಪಕಾರ ಇರುವುದೂ ಇಲ್ಲೇ ಎಂಬುದು ನನ್ನ ನಂಬಿಕೆ. ಪಂಪ, ರನ್ನ, ಕುಮಾರವ್ಯಾಸರನ್ನು ಕಾಯಲು ವಿಶ್ವವಿದ್ಯಾಲಯಗಳಿವೆ, ಮಠಗಳಿವೆ, ಪರಿಷತ್ತಿದೆ. ಬಸ್ಸಿನಲ್ಲಿ ಓದಿ ಸೀಟಿನ ಮೇಲೇ ಬಿಟ್ಟು ಇಳಿದ ಪತ್ತೇದಾರಿ ಕಾದಂಬರಿ, ಸಿನಿಮಾ ಟೆಂಟಿನ ಬಾಗಿಲಲ್ಲಿ ಮಾರಿದ ಹಾಡಿನ ಪುಸ್ತಕ, ಕಡಲೆಕಾಯಿ ಪೊಟ್ಟಣವಾಗಿ ಮುಗಿದ ವಾರಪತ್ರಿಕೆ — ಇವನ್ನು ಕಾಯುವವರು ಯಾರು? ಮನೆಯಲ್ಲಿ ಬೈಸಿಕೊಂಡೇ ಟ್ರಂಕಿನಲ್ಲಿ ತುಂಬಿಟ್ಟುಕೊಂಡ ಯಾರೋ ಒಬ್ಬ ಹವ್ಯಾಸಿ, ಅಷ್ಟೆ.

ಕೆ.ಜಿ. ಲೆಕ್ಕದ ನಿಧಿ

ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳಲ್ಲಿ ಹಳೆ ಪುಸ್ತಕ ಸಾಮಾನ್ಯವಾಗಿ ಪುಸ್ತಕದಂಗಡಿಯಲ್ಲಿ ಸಿಗುವುದಿಲ್ಲ, ಗುಜರಿಯಲ್ಲಿ ಸಿಗುತ್ತದೆ. ಮನೆ ಕೆಡವಿ ಕಟ್ಟುವಾಗ ಅಟ್ಟ ಖಾಲಿ ಮಾಡುತ್ತಾರೆ. ನಿವೃತ್ತ ಮೇಷ್ಟರು ತೀರಿಕೊಂಡ ಮೇಲೆ ಮಕ್ಕಳು ಬೆಂಗಳೂರಿಂದ ಬಂದು ಬೀರು ಖಾಲಿ ಮಾಡುತ್ತಾರೆ. ತಾಮ್ರದ ಹಂಡೆಗೆ ಒಂದು ಬೆಲೆ, ಕಬ್ಬಿಣಕ್ಕೆ ಒಂದು ಬೆಲೆ, ಪುಸ್ತಕಕ್ಕೂ ದಿನಪತ್ರಿಕೆಗೂ ಸೇರಿ ಒಂದೇ ಬೆಲೆ. ಕವಿಯ ಮೊದಲ ಮುದ್ರಣವೂ ಗೈಡೂ ಒಂದೇ ತಕ್ಕಡಿಯಲ್ಲಿ ಕೂರುವ ಜಾಗ ಅದು. ಕಟ್ಟು ಬಿಚ್ಚಿ ನೋಡುವ ತಾಳ್ಮೆ ಇರುವವನಿಗೆ ಅಲ್ಲಿ ಏನು ಬೇಕಾದರೂ ಸಿಕ್ಕೀತು.

ದೊಡ್ಡ ಊರಿಗೆ ಹೋದರೆ ಹುಡುಕಾಟದ ರೀತಿ ಬೇರೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಪಠ್ಯಪುಸ್ತಕಗಳ ರಾಶಿಯ ನಡುವೆ ಒಮ್ಮೊಮ್ಮೆ ಹಳೆಯ ಕಾದಂಬರಿ ತಲೆ ಹಾಕುತ್ತದೆ. ಬ್ರಿಗೇಡ್ ರಸ್ತೆಯ ಪಕ್ಕದ ಗಲ್ಲಿಯಲ್ಲಿರುವ ಸೆಲೆಕ್ಟ್ ಬುಕ್ ಶಾಪ್ 1945ರಲ್ಲಿ ಶುರುವಾದದ್ದು. ಅಪರೂಪದ ಪುಸ್ತಕ ಬೇಕೆಂದವರು ತಲೆಮಾರುಗಳಿಂದ ಅಲ್ಲಿಗೆ ಎಡತಾಕಿದ್ದಾರೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಸಾಲಿನಲ್ಲೂ ಹಳೆ ಪುಸ್ತಕದ ಮಳಿಗೆಗಳಿದ್ದವು. 2012ರಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. ಮಂಡ್ಯದ ಕಡೆಯ ಎಷ್ಟೋ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪುಸ್ತಕ ಹುಡುಕುತ್ತಿದ್ದ ಠಾವು ಅದು.

ಹೊಸ ಪುಸ್ತಕ ಕೊಳ್ಳುವವನಿಗೆ ಏನು ಬೇಕೆಂದು ಮೊದಲೇ ಗೊತ್ತಿರುತ್ತದೆ. ಹಳೆ ಪುಸ್ತಕದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತವನಿಗೆ ಆ ಭರವಸೆ ಇಲ್ಲ. ಹುಡುಕಿದ್ದು ಸಿಗುವುದಿಲ್ಲ, ಸಿಕ್ಕಿದ್ದನ್ನು ಹುಡುಕಿರಲಿಲ್ಲ. ಕೊಳವೆ ಬಾವಿಯ ಕೈಪಿಡಿ ಹುಡುಕುತ್ತ ಹೋದವನ ಕೈಗೆ ಬೇಸಗರಹಳ್ಳಿ ರಾಮಣ್ಣನವರ ಕಥೆಗಳು ಸಿಕ್ಕಿ, ಮದ್ದೂರು ಸೀಮೆಯ ಮಾತು ಇಷ್ಟು ಚೆನ್ನಾಗಿ ಅಚ್ಚಾದದ್ದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಅವನು ಅಲ್ಲೇ ನಿಂತು ಓದಲು ಶುರು ಮಾಡಬಹುದು. ಪೇಟೆಯಲ್ಲಿ ಆಗ ಏನು ಓಡುತ್ತಿದೆ ಎಂಬುದಕ್ಕೆ ಈ ರಾಶಿಯಲ್ಲಿ ಬೆಲೆಯಿಲ್ಲ. ಐವತ್ತು ವರ್ಷದ ಹಿಂದೆ ಮರೆತುಹೋದ ಲೇಖಕನಿಗೂ ಇಲ್ಲಿ ಓದುಗ ಸಿಗುತ್ತಾನೆ.

ಪುಸ್ತಕದ ವಯಸ್ಸು ಕಂಡುಹಿಡಿಯುವುದು

ಈ ಹವ್ಯಾಸಕ್ಕೆ ಒಂದು ವಿದ್ಯೆಯೂ ಇದೆ. ಮುಖಪುಟ ಹರಿದಿದೆ, ಮುದ್ರಣದ ವರ್ಷವಿರುವ ಹಾಳೆ ಉದುರಿಹೋಗಿದೆ ಎಂದುಕೊಳ್ಳಿ. ಆಗ ಪುಸ್ತಕದ ಕಾಲ ಹೇಳುವುದು ಹೇಗೆ?

ಮೊದಲು ಬೆಲೆ ನೋಡಬೇಕು. ‘1–4–0’ ಎಂದಿದ್ದರೆ ಒಂದು ರೂಪಾಯಿ ನಾಲ್ಕಾಣೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು, ಹಾಗಾಗಿ ಆ ಪುಸ್ತಕ ಬಹುತೇಕ ಅದಕ್ಕಿಂತ ಹಿಂದಿನದು. ‘ನ.ಪೈ.’ ಎಂದಿದ್ದರೆ ಅದು ನಯಾಪೈಸೆ. 1964ರಲ್ಲಿ ‘ನಯಾ’ ಬಿಟ್ಟು ಬರೀ ಪೈಸೆ ಉಳಿಯಿತು. ಆಮೇಲೆ ವಿಳಾಸ ನೋಡಬೇಕು. ಆರು ಅಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಮುಂಚಿನ ಮಾತು. ನಮ್ಮ ಸೀಮೆಯವರಿಗೆ ಇನ್ನೊಂದು ಗುರುತಿದೆ: ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಒಂದು ಕರಪತ್ರದಲ್ಲೋ ಲಗ್ನಪತ್ರಿಕೆಯಲ್ಲೋ ‘ಮಳವಳ್ಳಿ ತಾಲ್ಲೂಕು, ಮೈಸೂರು ಜಿಲ್ಲೆ’ ಎಂದಿದ್ದರೆ ಅದನ್ನು ಜೋಪಾನವಾಗಿ ಎತ್ತಿಡಿ. ಅದು ಜಿಲ್ಲೆಗಿಂತ ಹಳೆಯ ಕಾಗದ ಇರಬಹುದು.

ಕಣ್ಣಿನ ಜೊತೆಗೆ ಬೆರಳಿಗೂ ಕೆಲಸವಿದೆ. ಹಾಳೆಯ ಹಿಂಬದಿಯನ್ನು ಮೆಲ್ಲಗೆ ಸವರಿದರೆ ಅಕ್ಷರಗಳು ಉಬ್ಬಿ ಬೆರಳಿಗೆ ತಾಕುತ್ತವೆಯೇ? ಹಾಗಿದ್ದರೆ ಅದು ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಒತ್ತಕ್ಷರವನ್ನು ಕೆಳಗೆ ಕೂರಿಸಿ, ಸಾಲು ಕಟ್ಟಿದ ಕೈಯ ಒತ್ತಡ ಅದು. ಆಫ್‌ಸೆಟ್ ಬಂದ ಮೇಲೆ ಹಾಳೆ ನುಣುಪಾಯಿತು.

ಇನ್ನು ಒಳಪುಟದ ಶಾಯಿ. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಮೊದಲು ಅಚ್ಚಾದದ್ದು 1942ರಲ್ಲಿ. ಮುಂದೆ ಅದನ್ನು ಮದುವೆಗೆ ಉಡುಗೊರೆಯಾಗಿ ಕೊಡುವುದು ಒಂದು ವಾಡಿಕೆಯೇ ಆಯಿತು. ಅದರ ಹಳೆ ಪ್ರತಿ ಕೈಗೆ ಸಿಕ್ಕರೆ ಕವಿತೆಗೆ ಹೋಗುವ ಮುನ್ನ ಮೊದಲ ಖಾಲಿ ಹಾಳೆ ನೋಡಿ. ವಧೂವರರ ಹೆಸರು, ತಾರೀಖು, ಛತ್ರದ ಊರು, ಕೊಟ್ಟ ಗೆಳೆಯರ ಸಹಿ ಇರಬಹುದು. ಬೇರೆ ಪುಸ್ತಕಗಳಲ್ಲಿ ಶಾಲೆಯ ಬಹುಮಾನದ ಚೀಟಿ, ಬಾಡಿಗೆ ಲೈಬ್ರರಿಯ ರಬ್ಬರ್ ಮೊಹರು, ಹಿಂದಿರುಗಿಸಬೇಕಾದ ದಿನಾಂಕಗಳ ಸಾಲು. ಎಷ್ಟು ಜನರ ಕೈ ದಾಟಿ ಬಂದಿದೆ ಎಂಬುದನ್ನು ಹಳೆ ಪುಸ್ತಕ ಹೀಗೆ ತಾನೇ ದಾಖಲಿಸಿಕೊಂಡಿರುತ್ತದೆ. ಹೊಸ ಮುದ್ರಣದಲ್ಲಿ ಅದೇ ಕವಿತೆಗಳಿರುತ್ತವೆ, ಈ ಜನರಿರುವುದಿಲ್ಲ.

ಜನ ಓದಿದ್ದು, ಜನ ಹಾಡಿದ್ದು

ಪತ್ರಿಕೆಗಳಲ್ಲಿ ‘ಕಸ್ತೂರಿ’ 1956ರಲ್ಲಿ ಶುರುವಾಯಿತು, ‘ಸುಧಾ’ 1965ರಲ್ಲಿ, ‘ಮಯೂರ’ 1968ರಲ್ಲಿ, ‘ತುಷಾರ’ 1973ರಲ್ಲಿ, ‘ತರಂಗ’ 1983ರಲ್ಲಿ. ಒಂದು ಮನೆಗೆ ಬಂದ ವಾರಪತ್ರಿಕೆ ಬೀದಿಯೆಲ್ಲ ಸುತ್ತಿ ಮುದುರಿಕೊಂಡು ವಾಪಸಾಗುತ್ತಿದ್ದ ಕಾಲ ಅದು. ಧಾರಾವಾಹಿಯ ಹುಚ್ಚಿದ್ದವರು ವಾರವಾರವೂ ಆ ಹಾಳೆಗಳನ್ನಷ್ಟೇ ಬಿಡಿಸಿಟ್ಟು, ಕಥೆ ಮುಗಿದ ಮೇಲೆ ದಬ್ಬಣದಲ್ಲಿ ಹೊಲಿದು ರಟ್ಟು ಹಾಕಿಸುತ್ತಿದ್ದರು. ಇಂಥ ಮನೆಬೈಂಡಿನ ಪುಸ್ತಕ ಇವತ್ತು ಸಿಕ್ಕರೆ ಅದಕ್ಕಿಂತ ಖುಷಿಯ ವಸ್ತು ಇಲ್ಲ. ಕಥೆಯ ಪುಟದ ಹಿಂದೆ ನಂಜನಗೂಡು ಹಲ್ಲುಪುಡಿಯ ಜಾಹೀರಾತು, ಅರ್ಧಕ್ಕೆ ಕತ್ತರಿಸಿಹೋದ ಓದುಗರ ಪತ್ರ, ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಹಾಲಿನ ಲೆಕ್ಕ. ಕಾದಂಬರಿ ಆಮೇಲೆ ಪುಸ್ತಕವಾಗಿ ಬಂದಿರುತ್ತದೆ, ನಿಜ. ವಾರವಿಡೀ ಕಾದು ಓದಿದ ಆ ಮನೆಯ ಅವಸರ ಮಾತ್ರ ಈ ಹೊಲಿಗೆಯಲ್ಲೇ ಉಳಿದಿರುತ್ತದೆ.

ಮಕ್ಕಳ ಓದಿನದು ಇನ್ನೊಂದು ಸಂಪತ್ತು. ಕನ್ನಡ ‘ಚಂದಮಾಮ’ 1949ರಲ್ಲಿ ಹೊರಟಿತು. ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ಬರೆದ ಕೆ.ಸಿ. ಶಿವಶಂಕರ್ ಹೆಸರು ಗೊತ್ತಿಲ್ಲದವರಿಗೂ ಆ ಚಿತ್ರ ಗೊತ್ತು. ಎಪ್ಪತ್ತರ ದಶಕದಲ್ಲಿ ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಮಾಲೆಯ ಪುಟಾಣಿ ಪುಸ್ತಕಗಳು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹಳ್ಳಿಶಾಲೆಗಳವರೆಗೂ ತಲುಪಿದವು. ಒಟ್ಟು 510 ಪುಸ್ತಕಗಳ ಮಾಲೆ ಅದು. ಪೂರ್ತಿ ಸೆಟ್ ಜೋಡಿಸಿಯೇ ತೀರುತ್ತೇನೆಂದು ಹೊರಟವರಿಗೆ ವರ್ಷಗಟ್ಟಲೆ ಕೆಲಸ. ಚಿತ್ರಕಥೆಗಳ ಚರಿತ್ರೆಯಲ್ಲೂ ಕನ್ನಡಕ್ಕೆ ಮುಂದಿನ ಸಾಲಿನ ಜಾಗವಿದೆ. ಅಮರ ಚಿತ್ರ ಕಥಾ ಮೊದಲು ಬಂದದ್ದು 1965ರಲ್ಲಿ ಕನ್ನಡದಲ್ಲಿ, ಅದರ ಯೋಚನೆ ಕೊಟ್ಟದ್ದು ತಾನು ಎಂದು ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಂ ಹೇಳಿಕೊಂಡಿದ್ದಾರೆ. ಇಂಗ್ಲಿಷಿನ ಸರಣಿ ‘ಕೃಷ್ಣ’ದಿಂದ, ಅದೂ ಹನ್ನೊಂದನೇ ಸಂಖ್ಯೆಯಿಂದ ಆರಂಭವಾಗುತ್ತದೆ. ಅದಕ್ಕೂ ಹಿಂದಿನ ಕನ್ನಡ ಪ್ರತಿಗಳು ಯಾರ ಅಟ್ಟದಲ್ಲಾದರೂ ಇದ್ದರೆ ಅವು ಬರೀ ಮಕ್ಕಳ ಪುಸ್ತಕವಲ್ಲ, ಚರಿತ್ರೆಗೆ ಸಾಕ್ಷಿ.

ದೊಡ್ಡವರ ಓದಿನಲ್ಲಿ ಎನ್. ನರಸಿಂಹಯ್ಯನವರದು ಒಂದು ಲೋಕ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಹೊರಟು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅಕ್ಷರ ಕೂಡಿಸಿ ಓದಲು ಕಲಿತ ಎಷ್ಟೋ ಮಂದಿಗೆ ಓದಿನ ರುಚಿ ಹತ್ತಿಸಿದ್ದು ಈ ಪುಸ್ತಕಗಳು. ವಿಮರ್ಶಕರು ಕಣ್ಣೆತ್ತಿ ನೋಡದ ಕಾರಣ ಗ್ರಂಥಾಲಯಗಳೂ ಅವನ್ನು ಜೋಪಾನ ಮಾಡಲಿಲ್ಲ. ಓದುಗರು ಓದಿ ಓದಿ ಹರಿದು ಹಾಕಿದರು. ಹೆಚ್ಚು ಜನ ಓದಿದ್ದೇ ಕಡಿಮೆ ಉಳಿಯುತ್ತದೆ ಎಂಬುದು ಈ ಲೋಕದ ವಿಚಿತ್ರ ನಿಯಮ.

ಸಿನಿಮಾದ ಮಾತಿಗೆ ಬಂದರೆ ಈ ನಿಯಮ ಹೊಟ್ಟೆ ಉರಿಸುತ್ತದೆ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇವತ್ತು ಅದರ ಪ್ರಿಂಟ್ ಎಲ್ಲೂ ಲಭ್ಯವಿಲ್ಲ. ರೀಲು ಹೋದ ಮೇಲೆ ಅಂಥ ಚಿತ್ರಗಳ ಬಗ್ಗೆ ತಿಳಿಯಲು ಉಳಿಯುವುದು ಸ್ಥಿರಚಿತ್ರ, ಪತ್ರಿಕೆಯ ಜಾಹೀರಾತು, ಹಾಡಿನ ಪುಸ್ತಕ ಮಾತ್ರ. ಹಾಡಿನ ಪುಸ್ತಕವೆಂದರೆ ನಾಲ್ಕಾರು ಹಾಳೆಯ, ತೆಳು ಕಾಗದದ, ಅಂಗೈಯಗಲದ ಪುಸ್ತಿಕೆ. ತಾರಾಗಣ, ತಂತ್ರಜ್ಞರು, ಹಾಡುಗಳು, ಮತ್ತೆ ಒಂದು ಪುಟದ ಕಥಾಸಾರ. ಕಥೆ ಬಿಗಿಯಾದ ಕಡೆ ಸಾರ ಥಟ್ಟನೆ ನಿಂತು, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎನ್ನುತ್ತದೆ. ಟೆಂಟಿನ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಕೊಂಡ ಇದನ್ನು ನೋಡಿಕೊಂಡೇ ಗದ್ದೆ ನಾಟಿಯಲ್ಲೂ ಆಲೆಮನೆಯಲ್ಲೂ ಜನ ಹಾಡು ಬಾಯಿಪಾಠ ಮಾಡಿದರು.

ಮಂಡ್ಯದವರ ಸಂಗ್ರಹ ಎಂದರೆ ಅದರಲ್ಲಿ ಇರಲೇಬೇಕಾದ ಕೆಲವು ಹೆಸರುಗಳಿವೆ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ 1972ರ ‘ನಾಗರಹಾವು’ ಚಿತ್ರದಲ್ಲಿ ಮೊದಲು ಕಂಡದ್ದರಿಂದ ಹಿಡಿದು 1994ರ ‘ಮಂಡ್ಯದ ಗಂಡು’ ಚಿತ್ರದವರೆಗಿನ ಪೋಸ್ಟರ್, ಕ್ಯಾಲೆಂಡರ್, ಅಭಿಮಾನಿ ಸಂಘಗಳ ಕರಪತ್ರಗಳನ್ನು ಸೇರಿಸಿದರೆ ಈ ಸೀಮೆಯ ಎರಡು ದಶಕಗಳ ಮನಸ್ಸೇ ಕಣ್ಣಿಗೆ ಬೀಳುತ್ತದೆ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿಯವರ ಕಾದಂಬರಿಗಳ ಹಳೆಯ ಮುದ್ರಣಗಳಿವೆ. ಅವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ಚಿತ್ರ ಮಾಡಿದರು. ಕಾದಂಬರಿಯ ಹಳೆ ಪ್ರತಿಯನ್ನೂ ಚಿತ್ರದ ಹಾಡಿನ ಪುಸ್ತಕವನ್ನೂ ಒಟ್ಟಿಗೆ ಇಟ್ಟು ನೋಡುವ ಸಂತೋಷ ಅನುಭವಿಸಿದವರಿಗೇ ಗೊತ್ತು.

ಮಳವಳ್ಳಿಯ ದನಿ

ಈ ಸಂಪತ್ತಿನಲ್ಲಿ ಮಳವಳ್ಳಿಯ ಪಾಲು ಇರುವುದು ಕಾಗದದಲ್ಲಿ ಅಲ್ಲ, ಕ್ಯಾಸೆಟ್ಟಿನಲ್ಲಿ. ಮಂಟೇಸ್ವಾಮಿಯ ನೆಲೆಯಾದ ಬೊಪ್ಪೇಗೌಡನಪುರ ಈ ತಾಲ್ಲೂಕಿನದು. ನೀಲಗಾರರು ತಂಬೂರಿ ಹಿಡಿದು ಇಡೀ ರಾತ್ರಿ ಹಾಡುತ್ತಿದ್ದ ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಲೆ ಮಾದಪ್ಪನ ಕಥೆಗಳು ಮಳವಳ್ಳಿ ಮಹದೇವಸ್ವಾಮಿಯವರ ಕಂಠದಲ್ಲಿ ಕ್ಯಾಸೆಟ್ಟಿಗೆ ಇಳಿದವು. ಹಳೆ ಮೈಸೂರು ಸೀಮೆಯ ಜಾತ್ರೆಗಳಲ್ಲಿ, ಟೀ ಅಂಗಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಅವು ಮೊಳಗಿದವು. ಒಂದು ಕಥೆಗೆ ಹಲವು ಕ್ಯಾಸೆಟ್ಟು. ‘ಬಿ’ ಸೈಡು ಮುಗಿದಾಗ ಮುಂದಿನದನ್ನು ಹಾಕಲು ಎದ್ದುಹೋಗುತ್ತಿದ್ದ ಮಕ್ಕಳಿಗೆ ಇವತ್ತು ಮೊಮ್ಮಕ್ಕಳಿದ್ದಾರೆ.

ಸುತ್ತಿಕೊಂಡ ಟೇಪನ್ನು ಪೆನ್ನು ತೂರಿಸಿ ತಿರುಗಿಸಿದ ಕೈಗಳೇ ಆ ಕ್ಯಾಸೆಟ್ಟುಗಳನ್ನು ಈಗ ರದ್ದಿಗೆ ಹಾಕುತ್ತಿವೆ, ಏಕೆಂದರೆ ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲ. ಹಾಡು ಹೇಗೂ ಮೊಬೈಲಿನಲ್ಲಿ ಸಿಗುತ್ತದಲ್ಲ ಎನ್ನುತ್ತೇವೆ. ಎಲ್ಲವೂ ಸಿಗುವುದಿಲ್ಲ. ಸಿಕ್ಕರೂ ಯಾವ ಕಂಪನಿ, ಯಾವ ವರ್ಷ, ಹಿಮ್ಮೇಳದಲ್ಲಿ ಯಾರು ಎಂಬ ವಿವರ ಡಬ್ಬಿಯೊಳಗಿನ ಮಡಿಸಿದ ಚೀಟಿಯಲ್ಲಿರುತ್ತದೆ. ಆ ಚೀಟಿಯನ್ನು ಯಾರೂ ಅಪ್‌ಲೋಡ್ ಮಾಡಿಲ್ಲ.

ಕಾಗದ ಸಾಯುವ ಬಗೆ

ಜನಪ್ರಿಯ ಪುಸ್ತಕಗಳು ಬೇಗ ನಶಿಸುವುದಕ್ಕೆ ಕಾರಣ ಕಾಗದದಲ್ಲೇ ಇದೆ. ಅಗ್ಗದ ಕಾಗದದ ತಿರುಳಿನಲ್ಲಿ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಯಾಗುತ್ತದೆ. ಕಾಗದದೊಳಗೆ ಆಮ್ಲ ಹೆಚ್ಚಿ ಎಳೆಗಳು ತುಂಡಾಗುತ್ತವೆ. ಕಡೆಗೆ ಹಾಳೆ ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಇದೇ ಜಿಲ್ಲೆಯ ಬೆಳಗೊಳದಲ್ಲಿ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ ಇತ್ತು, ಕಬ್ಬಿನ ಸಿಪ್ಪೆಯೂ ಕಾಗದವಾಗುತ್ತಿತ್ತು. ನಮ್ಮ ಗದ್ದೆಯ ಬೆಳೆಯೇ ನಮ್ಮ ಓದಿಗೆ ಒದಗಿದ ದಿನಗಳು ಅವು.

ಮನೆಯಲ್ಲಿ ಮಾಡಬಹುದಾದ ಆರೈಕೆ ಸುಲಭದ್ದೇ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ. ಕೆಲವೇ ವರ್ಷದಲ್ಲಿ ಅದರ ಅಂಟು ಕಂದುಗಟ್ಟಿ ಅಕ್ಷರವನ್ನೇ ನುಂಗುತ್ತದೆ. ವಾರಪತ್ರಿಕೆಯ ನಡುವಿನ ಪಿನ್ನು ತುಕ್ಕು ಹಿಡಿದಿದ್ದರೆ ನಿಧಾನ ಬಿಚ್ಚಿ ದಾರದಲ್ಲಿ ಹೊಲಿಯಿರಿ. ಪುಸ್ತಕ ಗೋಡೆಗೆ ತಾಗದಿರಲಿ, ನೆಲಕ್ಕೆ ತಾಗದಿರಲಿ. ಗೆದ್ದಲು ಬರುವುದು ಅಲ್ಲಿಂದಲೇ. ಬಿಸಿಲು ನೇರ ಬೀಳದಿರಲಿ, ಗಾಳಿ ಆಡಲಿ. ಒಣಗಿದ ಬೇವಿನ ಸೊಪ್ಪು ಇಡುವ ಹಿರಿಯರ ರೂಢಿ ಬಿಡಬೇಕಿಲ್ಲ. ಎಲ್ಲಕ್ಕಿಂತ ದೊಡ್ಡ ಔಷಧ, ಆಗಾಗ ಪುಸ್ತಕ ಕೈಗೆತ್ತಿಕೊಳ್ಳುವುದು. ತಿರುವಿ ನೋಡುವ ಪುಸ್ತಕಕ್ಕೆ ಹುಳು ಹಿಡಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ಒಬ್ಬರ ಸಂಗ್ರಹ ಒಬ್ಬರದೇ ಆಗಿರುವಷ್ಟು ಕಾಲ ಅಪಾಯದಲ್ಲೇ ಇರುತ್ತದೆ. ಮೈಸೂರಿನ ರಾಜೀವನಗರದಲ್ಲಿ ಕೂಲಿ ಕೆಲಸದ ಸೈಯದ್ ಇಸಾಕ್ ತಮ್ಮ ದುಡಿಮೆಯಿಂದ ಕಟ್ಟಿದ ಸಾರ್ವಜನಿಕ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ, ಸುಮಾರು 11,000 ಪುಸ್ತಕಗಳು ಬೂದಿಯಾದವು. ನಾಡಿನ ಜನ ಅವರ ಬೆನ್ನಿಗೆ ನಿಂತರು. ಆದರೆ ಸುಟ್ಟ ಪ್ರತಿಗಳ ಅಂಚಿನಲ್ಲಿದ್ದ ಬರಹವನ್ನು ಯಾರೂ ತಂದುಕೊಡಲಾರರು.

ಬಾಗಿಲು ತೆರೆದಿಡುವುದು

ಸಂಗ್ರಹಕಾರರಲ್ಲಿ ಎರಡು ಬಗೆ. ಬೀಗ ಹಾಕಿ ಇಟ್ಟುಕೊಳ್ಳುವವರು ಮೊದಲನೆಯವರು. ಅವರ ಸಂತೋಷ ಅವರೊಂದಿಗೇ ಮುಗಿಯುತ್ತದೆ, ಮಾರನೇ ವಾರವೇ ಗುಜರಿಯವನ ಸೈಕಲ್ಲು ಬಾಗಿಲಿಗೆ ಬರುತ್ತದೆ. ಎರಡನೆಯವರು ಹಂಚುವವರು. ಹರಳಹಳ್ಳಿಯ ಮನೆ ದೊಡ್ಡದಾಗಿರುವುದು ಈ ಎರಡನೇ ಕಾರಣಕ್ಕೆ. ಅಲ್ಲಿಗೆ ಹೋಗಲು ಶುಲ್ಕವಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೂ ಸಂಶೋಧಕರೂ ಹೋಗುತ್ತಾರೆ. ಅಲ್ಲಿನ ಅಷ್ಟೂ ಪುಸ್ತಕಗಳ ಪಟ್ಟಿಯಾಗಬೇಕು, ಚೀಲಗಳನ್ನು ಬಿಚ್ಚಬೇಕು. ಅದು ವಯಸ್ಸಾದ ಒಬ್ಬರ ಹೆಗಲಿನ ಕೆಲಸವಲ್ಲ. ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗ, ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ರಜೆಯಲ್ಲಿ ಸರದಿಯ ಮೇಲೆ ಹೋಗಿ ಕೂತರೆ ಆಗುವ ಕೆಲಸ. ಪದ್ಮಶ್ರೀಗೆ ಚಪ್ಪಾಳೆ ತಟ್ಟಿದ ಜಿಲ್ಲೆ ಇಷ್ಟನ್ನು ಮಾಡಲೇಬೇಕು.

ಕಾನೂನೂ ಈಗ ಕೆಲವು ಕಡೆ ನಮ್ಮ ಪರವಾಗಿದೆ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಇರುವುದು ಲೇಖಕರು ತೀರಿಕೊಂಡು 60 ವರ್ಷಗಳವರೆಗೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕೃತಿಗಳು 2024ರ ಆರಂಭದಿಂದ ಎಲ್ಲರ ಸ್ವತ್ತು. ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಹಂಚಬಹುದು. ಬೆಂಗಳೂರಿನ ‘ಸಂಚಯ’ದಂಥ ಬಳಗಗಳು ಹಳೆಯ ಕನ್ನಡ ಪುಸ್ತಕಗಳನ್ನು ಡಿಜಿಟಲ್ ಮಾಡಿ ಅಂತರ್ಜಾಲಕ್ಕೆ ಸೇರಿಸುವ ಕೆಲಸ ಮಾಡುತ್ತಿವೆ. ನಿಮ್ಮಲ್ಲಿರುವ ಅಪರೂಪದ ಪ್ರತಿ ಅವರಿಗೆ ಬೇಕಿರಬಹುದು.

ಹಳೆ ಪುಸ್ತಕ ಕೂಡಿಡಲು ಶ್ರೀಮಂತಿಕೆ ಬೇಕಿಲ್ಲ ಎಂಬುದಕ್ಕೆ ಒಬ್ಬ ಕಂಡಕ್ಟರು, ಒಬ್ಬ ಕೂಲಿಕಾರರು ಸಾಕ್ಷಿ. ಎಲ್ಲವನ್ನೂ ಉಳಿಸಬೇಕೆಂದೂ ಇಲ್ಲ. ಒಂದು ಹಟ ಹಿಡಿಯಿರಿ: ನಿಮ್ಮ ತಾಲ್ಲೂಕಿನಲ್ಲಿ ಅಚ್ಚಾದದ್ದೆಲ್ಲ, ಇಲ್ಲವೇ ನಿಮ್ಮೂರ ಟಾಕೀಸಿನ ಕರಪತ್ರಗಳು, ಇಲ್ಲವೇ ಒಬ್ಬ ಮರೆತ ಲೇಖಕನ ಎಲ್ಲ ಪುಸ್ತಕಗಳು. ಸಣ್ಣ ಹರವಿನ ಸಂಗ್ರಹವೇ ಬೇಗ ಪೂರ್ಣವಾಗುತ್ತದೆ, ಸಂಶೋಧಕರಿಗೆ ಹೆಚ್ಚು ಉಪಯೋಗಕ್ಕೂ ಬರುತ್ತದೆ. ಈ ಭಾನುವಾರ ಅಟ್ಟ ಹತ್ತಿ. ಟ್ರಂಕಿನಲ್ಲಿರುವುದನ್ನು ಇಳಿಸಿ, ದೂಳು ಕೊಡವಿ, ಮೊದಲ ಹಾಳೆಯ ಹೆಸರು, ಊರು, ಬೆಲೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಇದನ್ನು ಯಾರು ತಂದದ್ದು ಎಂದು ಕೇಳಿ, ಅದನ್ನೂ ಬರೆದಿಡಿ. ನಿಮಗೆ ಬೇಡವಾದದ್ದನ್ನು ಊರಿನ ಗ್ರಂಥಾಲಯಕ್ಕೋ ಹರಳಹಳ್ಳಿಗೋ ತಲುಪಿಸಿ. ತೂಕದ ದರಕ್ಕೆ ಬರುವ ದುಡ್ಡು ಒಂದು ಹೊತ್ತಿನ ಕಾಫಿಗೂ ಸಾಲದು. ಆ ಕಾಗದದಲ್ಲಿರುವ ನಮ್ಮ ಹಿಂದಿನವರ ದಿನಗಳನ್ನು ಮಾತ್ರ ಯಾವ ದುಡ್ಡಿಗೂ ಮರಳಿ ಕೊಳ್ಳಲು ಆಗುವುದಿಲ್ಲ.